ಮಕ್ಕಳ ಕೈಯ ಫೋನು, ಹಿರಿಯರ ಹೊಣೆ



ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಮೈಲುತುತ್ತ, ಸುಣ್ಣಗಳ ಮಾತೇ ಮಾತು. ವರ್ಷ ವರ್ಷವೂ ಈ ಪುಟದಲ್ಲಿ ಅದನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಇದು ತೋಟದ ವಿಷಯವಲ್ಲ, ಮನೆಯ ವಿಷಯ. ಆದರೆ ತೋಟದ ದುಡ್ಡಿಗೂ ಸಂಬಂಧಪಟ್ಟದ್ದು.

ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಸಂಕೋಚವಿದೆ. ಆದರೂ ಕಾರ್ಯದರ್ಶಿಯ ಮನೆಯಲ್ಲೇ ಹೀಗಾಯಿತೆಂದರೆ ಉಳಿದವರಿಗೂ ತಮ್ಮ ಮನೆಯದನ್ನು ಹೇಳಿಕೊಳ್ಳಲು ಧೈರ್ಯ ಬಂದೀತು. ಕಳೆದ ಅಡಿಕೆ ಕೊಯ್ಲಿನ ಸಮಯ. ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಕಿರಿಯ ಮಗ, ಮೊಬೈಲ್ ಆಟದಲ್ಲಿ ಪರಿಚಯವಾದ ಯಾರೋ ಒಬ್ಬನ ಮಾತು ನಂಬಿದ. 'ನಿನಗೆ ಬಹುಮಾನ ಬಂದಿದೆ. ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತು, ಹಣ ಜಮೆಯಾಗುತ್ತದೆ' ಎಂದನಂತೆ ಆತ. ಪಿನ್ ಹುಡುಗನಿಗೆ ಗೊತ್ತಿತ್ತು, ಹೇಳಿಕೊಟ್ಟವನು ನಾನೇ. ಗೊಬ್ಬರದಂಗಡಿಗೆ, ಕರೆಂಟ್ ಬಿಲ್ಲಿಗೆ ಹಣ ಕಳುಹಿಸುವುದು ಅವನ ಪಾಲಿನ ಕೆಲಸವಾಗಿತ್ತು. ಹಣ ಬರಲಿಲ್ಲ, ಹೋಯಿತು. ಹೋದದ್ದು 18,600 ರೂಪಾಯಿ, ಕೊಯ್ಲಿನವರ ಸಂಬಳಕ್ಕೆಂದು ಇಟ್ಟದ್ದು.

ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಹುಡುಗ ನಾಲ್ಕು ದಿನ ಬಾಯಿ ಬಿಡಲಿಲ್ಲ. ಬ್ಯಾಂಕಿನಿಂದ ಬಂದ ಮೆಸೇಜನ್ನು ಅಳಿಸಿ ಹಾಕಿದ್ದ. ಸರಿಯಾಗಿ ಉಣ್ಣುತ್ತಿರಲಿಲ್ಲ, ಜ್ವರವಿರಬಹುದೆಂದು ನಾವು ಕಷಾಯ ಕುಡಿಸಿದೆವು. ಐದನೆಯ ದಿನ ತಾಯಿಯ ಹತ್ತಿರ ಅತ್ತು ಹೇಳಿದ. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರೆ, 'ಅಪ್ಪಯ್ಯ ಬೈತಾರೆ ಅಂತ' ಎಂದ. ಹಿಂದೊಮ್ಮೆ ಫೋನಿನ ಗಾಜು ಒಡೆದಾಗ ನಾನು ಕೂಗಾಡಿದ್ದು ಅವನಿಗೆ ನೆನಪಿತ್ತು. ದೂರು ಕೊಟ್ಟೆವು. ಅಷ್ಟರಲ್ಲಿ ಹಣ ಕೈಯಿಂದ ಕೈಗೆ ದಾಟಿ ಹೋಗಿತ್ತು.

ಇಂಥ ಮೋಸದಲ್ಲಿ ಹಣ ಹೋದರೆ ಕರೆ ಮಾಡಬೇಕಾದ ಸಂಖ್ಯೆ 1930. ದೂರು ಕೂಡಲೇ ತಲುಪಿದರೆ, ಹಣ ಇನ್ನೊಂದು ಖಾತೆಗೆ ಸಾಗುವ ಮೊದಲೇ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಅವಕಾಶವಿರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು, ದಿನಗಳಲ್ಲ. ನಮ್ಮ ಮನೆಯಲ್ಲಿ ಆ ಗಂಟೆಗಳನ್ನು ಕಳೆದದ್ದು ಮಗನ ದಡ್ಡತನವಲ್ಲ, ನನ್ನ ಸಿಟ್ಟಿನ ಭಯ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದೇ: ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ, ತಪ್ಪಾದ ಕೂಡಲೇ ಮನೆಯಲ್ಲಿ ಹೇಳುವುದು. ಆ ಪಾಠವನ್ನು ಅವರು ಕಲಿಯಬೇಕಾದರೆ ಮೊದಲು ಬದಲಾಗಬೇಕಾದವರು ನಾವು.

'ಫೋನನ್ನೇ ಕೊಡಬಾರದು, ತೊಂದರೆಯೇ ಇಲ್ಲ' ಎನ್ನುವ ಸದಸ್ಯರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಕೈಗೆ ಫೋನು ಕೊಟ್ಟವರು ನಾವೇ. ಸಿಗ್ನಲ್ ಹುಡುಕಿಕೊಂಡು ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತು ಪಾಠ ಕೇಳಿದ ಮಲೆನಾಡಿನ ಮಕ್ಕಳನ್ನು ನಾವು ಮರೆತಿಲ್ಲ. ಈಗ ಹೋಂವರ್ಕ್ ಬರುವುದು ವಾಟ್ಸಾಪಿನಲ್ಲಿ. ನಮ್ಮ ಪೇಟೆ ಧಾರಣೆ, ಬ್ಯಾಂಕಿನ ಓಟಿಪಿ, ಸಂಘದ ಸೂಚನೆ ಎಲ್ಲವನ್ನೂ ಓದಿ ಹೇಳುವವರು ಹಲವು ಮನೆಗಳಲ್ಲಿ ಮಕ್ಕಳೇ. ಮನೆಯ ಗುಮಾಸ್ತಿಕೆಯನ್ನು ಅವರಿಗೆ ವಹಿಸಿ, ಫೋನು ಮುಟ್ಟಬೇಡ ಎಂದರೆ ಆ ಮಾತಿಗೆ ಬೆಲೆ ಇರುವುದಿಲ್ಲ.

ನಾವು ಮಾಡುವ ಇನ್ನೊಂದು ತಪ್ಪು, ಬೆರಳಿನ ಚುರುಕನ್ನು ವಿವೇಕವೆಂದು ಭಾವಿಸುವುದು. 'ನಮ್ಮ ಹುಡುಗನಿಗೆ ಎಲ್ಲ ಗೊತ್ತು' ಎಂದು ಹೆಮ್ಮೆಪಡುತ್ತೇವೆ. ಅವನಿಗೆ ಫೋನು ಗೊತ್ತು, ಜನ ಗೊತ್ತಿಲ್ಲ. ಮಂಡಿಯಲ್ಲಿ ಮಾತು ಕೇಳಿಯೇ ವ್ಯಾಪಾರಿಯ ಒಳಗುಟ್ಟನ್ನು ಅಳೆಯುವ ನಮಗೆ ಜನ ಗೊತ್ತು, ಫೋನು ಗೊತ್ತಿಲ್ಲ. ಇಬ್ಬರೂ ಜೊತೆಗೆ ಕುಳಿತರೆ ಮಾತ್ರ ಪಾಠ ಪೂರ್ತಿಯಾಗುತ್ತದೆ.

ಕಲಿಸಬೇಕಾದದ್ದು ಬಹಳವೇನಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಹೇಳಬಾರದು. ಮದುವೆಯ ಕರೆಯೋಲೆ, ವಾಹನದ ದಂಡದ ನೋಟೀಸು ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ತೆರೆಯಬಾರದು. ಅದು ಒಳಸೇರಿದರೆ ನಮ್ಮ ಫೋನಿಗೆ ಬರುವ ಮೆಸೇಜುಗಳನ್ನು ಕಳ್ಳನೂ ಓದಬಲ್ಲ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಕಾಯಿದೆಯಿಂದ ನಿಷೇಧಿಸಿದೆ. ಆದರೂ ಅಂಥ ಆಹ್ವಾನ ಬಂದರೆ ಅದು ಮೋಸವೆಂದೇ ತಿಳಿಯಬೇಕು.

ಮಂಗಳೂರು, ಶಿವಮೊಗ್ಗ, ಬೆಂಗಳೂರುಗಳಲ್ಲಿ ಹಾಸ್ಟೆಲಿನಲ್ಲಿರುವ ದೊಡ್ಡ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಬೇಕು. 'ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ' ಎನ್ನುವವರು ಬರುತ್ತಾರೆ. ಕದ್ದ ಹಣ ಸಾಗುವುದು ಇಂಥ ಖಾತೆಗಳ ಮೂಲಕವೇ. ಪೊಲೀಸರು ಬಂದಾಗ ಸಿಗುವ ಹೆಸರು ಖಾತೆದಾರನದು.

ಹೆಣ್ಣುಮಕ್ಕಳಿರಲಿ, ಗಂಡುಮಕ್ಕಳಿರಲಿ, ಫೋಟೋದ ವಿಷಯವನ್ನು ನಾವು ನಾಚಿಕೆಯಿಂದ ಮುಚ್ಚಿಡುತ್ತೇವೆ. ಗೆಳೆತನ ಬೆಳೆಸಿ ಫೋಟೋ ಪಡೆದು, ಆಮೇಲೆ ಅದನ್ನು ಎಲ್ಲರಿಗೂ ಕಳುಹಿಸುತ್ತೇನೆಂದು ಹೆದರಿಸುವವರಿದ್ದಾರೆ. ಒಮ್ಮೆ ಹಣ ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಹಣ ಕೊಡದೆ, ಮೆಸೇಜುಗಳನ್ನು ಅಳಿಸದೆ, ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಇಲ್ಲಿ ಅಪರಾಧಿ ಹೆದರಿಸಿದವನು, ಫೋಟೋ ಕೊಟ್ಟ ಮಗುವಲ್ಲ. ಈ ಮಾತನ್ನು ಮಗು ನಮ್ಮ ಬಾಯಿಂದ ಮೊದಲೇ ಕೇಳಿರಬೇಕು. ಮರ್ಯಾದೆ ಹೋಯಿತೆಂದು ನಾವೇ ಕೂಗಾಡಿದರೆ ಮಗು ಹೋಗುವುದಾದರೂ ಎಲ್ಲಿಗೆ? ಹಣ ಮತ್ತೆ ದುಡಿಯಬಹುದು. ಮಕ್ಕಳ ಜೀವ ಹಾಗಲ್ಲ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು. ಕಾಯಿ ಉದುರತೊಡಗಿದ ಮೇಲೆ ಮರ ಹತ್ತಿದರೆ ಫಲವೆಷ್ಟೆಂಬುದು ನಮಗೆಲ್ಲ ಗೊತ್ತು. ಒಂದು ಸಲ ಹೊಡೆದರೂ ಸಾಲದು. 40–45 ದಿನ ಬಿಟ್ಟು ಮತ್ತೆ ಹೊಡೆಯಬೇಕು. ಈ ಪಾಠವೂ ಹಾಗೆಯೇ. ಒಂದು ದಿನದ ಉಪದೇಶದಿಂದ ಮುಗಿಯುವುದಿಲ್ಲ, ಮೋಸದ ರೀತಿ ಬದಲಾದಂತೆ ಮತ್ತೆ ಮತ್ತೆ ಮಾತಾಡಬೇಕು.

ಆದ್ದರಿಂದ ನನ್ನದೊಂದು ಸಲಹೆ. ಶಾಲೆ ಆರಂಭವಾದ ಮೇಲೆ ಒಂದು ಭಾನುವಾರ ನಮ್ಮ ಸಂಘದ ಸಭಾಂಗಣದಲ್ಲಿ ಸದಸ್ಯರೂ ಅವರ ಮಕ್ಕಳೂ ಒಟ್ಟಿಗೆ ಕುಳಿತು ಇದನ್ನು ಕಲಿಯುವ ಏರ್ಪಾಡಾಗಬೇಕು. ನಮ್ಮ ತೋಟಗಳ ಲೈನಿನ ಮಕ್ಕಳೂ ಬರಬೇಕು. ಅವರ ಮನೆಯ 500 ರೂಪಾಯಿ ನಮ್ಮ ಮನೆಯ 5,000ಕ್ಕಿಂತ ದೊಡ್ಡದು. ಇದನ್ನು ಆಡಳಿತ ಮಂಡಳಿಯ ಮುಂದಿಡಲಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಅದಕ್ಕೆ ಕಾಯದೆ ಈ ರಾತ್ರಿಯೇ ಮಾಡಬಹುದಾದ ಒಂದು ಕೆಲಸವಿದೆ. ಊಟಕ್ಕೆ ಕುಳಿತಾಗ ಮಕ್ಕಳಿಗೆ ಇಷ್ಟು ಹೇಳಿ: 'ಫೋನಿನಲ್ಲಿ ಏನೇ ಎಡವಟ್ಟಾದರೂ ಮೊದಲು ನನಗೆ ಹೇಳು, ನಾನು ಬಯ್ಯುವುದಿಲ್ಲ.' ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ. ನನ್ನ ಮನೆಯಲ್ಲಿ ನಾನು ಅದನ್ನು ತಡವಾಗಿ ಹೇಳಿದೆ.

ಇಂತಿ,
ಕಾರ್ಯದರ್ಶಿ