ಎಂಟು ಇಂಚಿನ ತಟ್ಟೆ

ಬ್ಯಾಲಂಟೈನಿನಲ್ಲಿ ನಾವು ಏಳೆಂಟು ಕನ್ನಡದ ಮನೆಯವರು ಸೇರಿ ಹೊಸತೊಡಕು ಮಾಡುತ್ತೇವೆ. ಹೋದ ವರ್ಷ ಆ ಊಟಕ್ಕೆ ಬಂದಿದ್ದ ಹೊಸಬರೊಬ್ಬರಿಗೆ ನನ್ನ ಪರಿಚಯ ಮಾಡಿಕೊಟ್ಟದ್ದು ಹೀಗೆ: "ಇವರು ಚಾರ್ಟರ್ಡ್ ಅಕೌಂಟೆಂಟು, ಆದರೆ ಜಿಂಕೆ ಹೊಡೀತಾರೆ." ಹೇಳಿದವರ ಕೈಯಲ್ಲಿ ಕೋಳಿಯ ಕಾಲಿತ್ತು. ಆ "ಆದರೆ"ಗೆ ಉತ್ತರ ಕೊಡುವುದು ನನಗೆ ಕಷ್ಟವಲ್ಲ. ಬೆಳಕು ಕಾಣದ ಶೆಡ್ಡಿನಲ್ಲಿ ಆರೇಳು ವಾರ ಬದುಕಿ ಸತ್ತ ಕೋಳಿಗಿಂತ ಕಾಡಿನಲ್ಲಿ ಓಡಾಡಿ ಸತ್ತ ಜಿಂಕೆಯ ಲೆಕ್ಕ ಚೊಕ್ಕ. ಮಾಂಸ ಮುಟ್ಟದವರು ನನ್ನನ್ನು ಬೈಯಲಿ, ಅವರಿಗೆ ಆ ಹಕ್ಕಿದೆ. ಕೋಳಿಯ ಕಾಲು ಹಿಡಿದವರಿಗೆ ಇಲ್ಲ.

ನನ್ನ ಜಗಳ ಇರುವುದು ಅವರೊಂದಿಗಲ್ಲ. ನನ್ನ ಹಾಗೆಯೇ ಕೋವಿ ಹಿಡಿದವರೊಂದಿಗೆ, ಇಲ್ಲೂ, ಊರಲ್ಲೂ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಕತ್ತಲೆಗೆ ಒಂದು ಈಡು. ತಗುಲಿತೋ ಇಲ್ಲವೋ ಯಾರೂ ನೋಡಲು ಹೋಗುತ್ತಿರಲಿಲ್ಲ. ಒಮ್ಮೆ ನಾಲ್ಕು ದಿನದ ಮೇಲೆ ತೋಟದ ಕೆಳಗಿನ ಹಳ್ಳದಿಂದ ವಾಸನೆ ಬಂತು. ಹೊಟ್ಟೆಗೆ ಚರೆ ಬಿದ್ದ ಹೆಣ್ಣು ಹಂದಿ, ನೀರಿಗೆಂದು ಅಲ್ಲಿಯವರೆಗೆ ತೆವಳಿ ಹೋಗಿತ್ತು. "ಪೀಡೆ ಹೋಯ್ತು" ಅಂದರು ಅಪ್ಪಯ್ಯ. ನಾನೂ ಹಾಗೇ ಅಂದುಕೊಂಡೆ. ಆಗ ನನಗೆ ಹನ್ನೆರಡು ವರ್ಷ.

ನಾರ್ತ್ ಕ್ಯಾರೊಲಿನಾದಲ್ಲಿ ಮೊದಲ ಸಲ ಬೇಟೆಯ ಪರವಾನಗಿ ಕೊಳ್ಳುವವರು ಸಾಮಾನ್ಯವಾಗಿ ಒಂದು ತರಬೇತಿ ಮುಗಿಸಿರಬೇಕು. ಅಲ್ಲಿ ನನಗೆ ಮೊದಲು ತೋರಿಸಿದ್ದು ಜಿಂಕೆಯ ಚಿತ್ರ, ಚರ್ಮ ತೆಗೆದು ಒಳಗಿನ ಅಂಗ ತೋರಿಸುವಂಥದ್ದು. ಹೃದಯ ಮತ್ತು ಎರಡು ಶ್ವಾಸಕೋಶ ಸೇರಿ ಸುಮಾರು ಎಂಟು ಇಂಚಿನ ಒಂದು ವೃತ್ತ. ಪಾರ್ಟಿಗೆ ತರುವ ಕಾಗದದ ತಟ್ಟೆಯಷ್ಟು. ಪ್ರಾಣಿ ಅಡ್ಡ ನಿಂತಿರಬೇಕು, ಇಲ್ಲವೇ ನಮ್ಮಿಂದ ತುಸು ಆಚೆಗೆ ತಿರುಗಿರಬೇಕು. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲಕ್ಕೆ ಬಂದು, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗಕ್ಕೆ ನಿಲ್ಲಬೇಕು. ಎದುರು ನಿಂತದ್ದಕ್ಕೆ, ಬೆನ್ನು ತಿರುಗಿಸಿದ್ದಕ್ಕೆ, ಓಡುವುದಕ್ಕೆ ಹೊಡೆಯಬಾರದು. ತಲೆಗೆ ಹೊಡೆದು ಮೀಸೆ ತಿರುವುವವರಿದ್ದಾರೆ. ತಲೆ ದೇಹದಲ್ಲೇ ಹೆಚ್ಚು ಅಲುಗಾಡುವ ಭಾಗ, ಮಿದುಳು ಅಂಗೈಯಷ್ಟೂ ಇಲ್ಲ. ಎರಡಿಂಚು ತಪ್ಪಿದರೆ ದವಡೆ ಹಾರಿಹೋದ ಜಿಂಕೆ ಓಡಿಹೋಗಿ ಹಸಿದು ಸಾಯುತ್ತದೆ. ಅದನ್ನು ಗುರಿಕಾರಿಕೆ ಅನ್ನುವುದಾದರೆ ಜೂಜಿಗೂ ಹೂಡಿಕೆ ಅನ್ನಬಹುದು.

ಇಷ್ಟೆಲ್ಲ ಕಲಿತೂ ನಾನು ತಪ್ಪಿದೆ. ಆನ್ಸನ್ ಕೌಂಟಿಯಲ್ಲಿ ಸ್ನೇಹಿತನ ಜಮೀನು, ನವೆಂಬರಿನ ಸಂಜೆ, ಬೆಳಕು ಹೋಗುತ್ತಿತ್ತು. ಗಂಡು ಜಿಂಕೆ ನನ್ನ ಕಡೆಗೆ ಓರೆಯಾಗಿ ನಿಂತಿತ್ತು. ಕಾಯಬೇಕಿತ್ತು, ಕಾಯಲಿಲ್ಲ. ಹೋಗಿ ನೋಡಿದರೆ ಎಲೆಗಳ ಮೇಲೆ ನೊರೆನೊರೆಯಾದ ತಿಳಿಗೆಂಪು ರಕ್ತವಿರಲಿಲ್ಲ, ಅದಿದ್ದರೆ ಶ್ವಾಸಕೋಶ, ನೂರು ಗಜದೊಳಗೆ ಸಿಗುತ್ತದೆ. ಇದ್ದದ್ದು ಹಸಿರು ಬೆರೆತ, ವಾಸನೆ ಹೊಡೆಯುವ ಕಲೆ. ಹೊಟ್ಟೆ. ಅಂಥ ಹೊತ್ತಿನಲ್ಲಿ ಬೆನ್ನು ಹತ್ತಿದರೆ ಅದು ಇನ್ನೂ ದೂರ ಓಡುತ್ತದೆ, ಹಾಗಾಗಿ ಗಂಟೆಗಟ್ಟಲೆ ಬಿಡಬೇಕು. ರಾತ್ರಿಯಿಡೀ ಟ್ರಕ್ಕಿನಲ್ಲಿ ಕೂತಿದ್ದೆ. ಬೆಳಿಗ್ಗೆ ಸಿಕ್ಕಿತು, ತೊರೆಯ ಪಕ್ಕದಲ್ಲಿ. ನೀರಿಗೇ ಹೋಗಿತ್ತು ಅದೂ.

ಸ್ನೇಹಿತ ಕೊಟ್ಟ ಸಲಹೆ ಇಲ್ಲಿ ದಿನಾ ಕೇಳುವಂಥದ್ದು: ಇನ್ನೂ ದೊಡ್ಡ ಕೋವಿ ತಗೋ. ಈ ಮಾತನ್ನೇ ನಾನು ವಿರೋಧಿಸುವುದು. .308ರ 150 ಗ್ರೇನ್ ಗುಂಡು, ನಮ್ಮ ತೂಕದಲ್ಲಿ ಹತ್ತು ಗ್ರಾಮಿಗೂ ಕಡಿಮೆ, ಜಿಂಕೆಗೆ ಧಾರಾಳ ಸಾಕು. ದೊಡ್ಡ ಕೋವಿಯ ಒದೆತಕ್ಕೆ ಹೆದರಿ ಕುದುರೆ ಎಳೆಯುವಾಗಲೇ ಕಣ್ಣು ಮುಚ್ಚುವವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡೂ ಹೊಟ್ಟೆಗೆ ಬಿದ್ದ ಗುಂಡೇ.

ಗುಂಡಿನ ಗಾತ್ರಕ್ಕಿಂತ ಮುಖ್ಯ ಅದು ಒಳಗೆ ಹೋಗಿ ಮಾಡುವ ಕೆಲಸ. ಇದರ ಚರಿತ್ರೆಯಲ್ಲಿ ನಮ್ಮ ದೇಶದ ಹೆಸರೂ ಸೇರಿದೆ. ಬಡಿದೊಡನೆ ಅರಳುವ ಗುಂಡನ್ನು ಬ್ರಿಟಿಷರು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಮಾಡಿದರು, ಅದಕ್ಕೇ ದಮ್‌ದಮ್ ಗುಂಡು. 1899ರ ಹೇಗ್ ಘೋಷಣೆ ಅಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದಿತು. ಬೇಟೆಯಲ್ಲಿ ಮಾತ್ರ ತದ್ವಿರುದ್ಧ, ಅರಳದ ಗುಂಡನ್ನು ದೊಡ್ಡ ಪ್ರಾಣಿಗೆ ಬಳಸಬಾರದೆಂದು ಅಮೆರಿಕದ ಹಲವು ರಾಜ್ಯಗಳ ಕಾನೂನು. ವಿಚಿತ್ರ ಅನ್ನಿಸಬಹುದು, ಆದರೆ ಗಾಯಗೊಂಡ ಸೈನಿಕನಿಗೆ ಆಸ್ಪತ್ರೆ ಇದೆ. ಜಿಂಕೆಗೆ ಇಲ್ಲ. ಅರಳದ ಗುಂಡು ಸೂಜಿಯಂತೆ ತೂರಿಹೋಗಿ ಅದನ್ನು ನಿಧಾನವಾಗಿ ಸಾಯಿಸುತ್ತದೆ.

ಅರಳುವ ಗುಂಡುಗಳಲ್ಲಿ ಹೆಚ್ಚಿನವುಗಳ ಒಳಗೆ ಇರುವುದು ಸೀಸ. ಸೀಸ ಅರಳುವುದಷ್ಟೇ ಅಲ್ಲ, ಪುಡಿಯಾಗುತ್ತದೆ. ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಒಂದಡಿಗೂ ಹೆಚ್ಚು ದೂರ ಮಾಂಸದಲ್ಲಿ ಸೇರಿಕೊಳ್ಳಬಹುದು. 2008ರಲ್ಲಿ ನಾರ್ತ್ ಡಕೋಟದಲ್ಲಿ ದಾನವಾಗಿ ಬಂದ ಜಿಂಕೆಯ ಕೈಮಾವನ್ನು ಎಕ್ಸ್‌ರೇ ಮಾಡಿ ನೋಡಿ, ಆಹಾರ ಭಂಡಾರಗಳಿಗೆ ಅದನ್ನು ಎಸೆಯಲು ಹೇಳಿದರು. ಇದು ನನಗೆ ತಿಳಿದಾಗ ನಾನು ಆರು ಚಳಿಗಾಲ ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ಮಗಳಿಗೆ ತಿನ್ನಿಸಿದ್ದೆ, ಉಳಿದದ್ದನ್ನು ಪುಣ್ಯವೆಂದು ಆಹಾರ ಭಂಡಾರಕ್ಕೆ ಕೊಟ್ಟಿದ್ದೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ. ಅವಳ ರಕ್ತ ಪರೀಕ್ಷೆಯ ವರದಿ ಬರುವ ಮೂರು ದಿನ ನಾನು ಯಾರದೇ ಟ್ಯಾಕ್ಸ್ ರಿಟರ್ನನ್ನು ಸರಿಯಾಗಿ ಮಾಡಿರಲಿಕ್ಕಿಲ್ಲ. ವರದಿ ಚೆನ್ನಾಗಿತ್ತು. ಭಂಡಾರದಿಂದ ಒಯ್ದ ಮನೆಗಳ ಮಕ್ಕಳ ವರದಿ ನನಗೆ ಬರುವುದಿಲ್ಲ.

ನಾವು ಬಿಟ್ಟುಬಂದ ಕರುಳಿನ ರಾಶಿಯನ್ನು ತಿನ್ನುವ ಹಕ್ಕಿಗಳ ಕತೆ ಬೇರೆ. ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳನ್ನು ಕೊಲ್ಲುತ್ತಿರುವುದರಲ್ಲಿ ಸೀಸಕ್ಕೇ ಮೊದಲ ಸ್ಥಾನ. 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಅಲ್ಲಿ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ದೇಶದ ಹದ್ದುಗಳನ್ನು ಬರಿದು ಮಾಡಿತು. 2006ರಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಹೆಣದೊಳಗೆ ನಾವು ಏನು ಬಿಟ್ಟುಹೋಗುತ್ತೇವೆ ಎಂಬುದು ಅಲ್ಲೂ ಇಲ್ಲೂ ಒಂದೇ ಪ್ರಶ್ನೆ.

ತಾಮ್ರದ ಗುಂಡು ಇದೆ. ಚೂರಾಗದೆ ಹೂವಿನ ದಳದಂತೆ ಅರಳಿ ಆಚೆ ಹೋಗುತ್ತದೆ. ಬೆಲೆ ಜಾಸ್ತಿ ಅನ್ನುತ್ತಾರೆ. ಲೆಕ್ಕ ನನ್ನ ಕಸುಬು, ಕೇಳಿ: ವರ್ಷಕ್ಕೆ ಎರಡು ಜಿಂಕೆ, ಗುರಿ ಹೊಂದಿಸಲು ಹತ್ತು ಗುಂಡು. ಇಪ್ಪತ್ತರ ಒಂದು ಡಬ್ಬಿ ಒಂದು ಸೀಸನ್ನಿಗೆ ಸಾಕು. ಅರಳುವುದಿಲ್ಲ ಎಂಬ ಇನ್ನೊಂದು ದೂರಿನಲ್ಲಿ ಅರ್ಧ ನಿಜವಿದೆ. ತಾಮ್ರ ಸೀಸಕ್ಕಿಂತ ಗಟ್ಟಿ, ಅರಳಲು ವೇಗ ಬೇಕು. ಹಾಗಾಗಿ ತುಸು ಹಗುರವಾದದ್ದನ್ನು ಆರಿಸಬೇಕು, ಬಹುದೂರಕ್ಕೆ ಹೊಡೆಯಬಾರದು. ಹತ್ತಿರ ಹೋಗಲು ಸೋಮಾರಿತನ ಪಡುವವನಿಗೆ ಮಾತ್ರ ಇದು ಕೊರತೆ.

ಈಗ ಊರಿನ ಮಾತು. 1972ರ ವನ್ಯಜೀವಿ ಕಾಯ್ದೆ ಸರಿ, ಕರ್ನಾಟಕದಲ್ಲಿ ಶಿಕಾರಿ ಮತ್ತೆ ತೆರೆಯಲಿ ಎಂದು ನಾನು ಕೇಳುತ್ತಿಲ್ಲ. ಆದರೆ ಗದ್ದೆ ತೋಟದ ಅಂಚಿನಲ್ಲಿ ಪ್ರಾಣಿಗಳು ಸಾಯುತ್ತಲೇ ಇವೆ, ಅದೂ ಅತಿ ಕೆಟ್ಟ ರೀತಿಯಲ್ಲಿ. ಹಂದಿಗಿಟ್ಟ ತಂತಿಯ ಉರುಳಿಗೆ ಚಿರತೆ ಸಿಕ್ಕಿ ಒದ್ದಾಡುತ್ತದೆ. 2020ರಲ್ಲಿ ಪಾಲಕ್ಕಾಡಿನಲ್ಲಿ ಸಿಡಿಮದ್ದು ಕಚ್ಚಿ ಬಾಯಿ ಒಡೆದ ಬಸುರಿ ಆನೆ ಹೊಳೆಯಲ್ಲಿ ನಿಂತೇ ಸತ್ತಿತು. ಪ್ರಾಣಕ್ಕೂ ಬೆಳೆಗೂ ಅಪಾಯವಾದ ಪ್ರಾಣಿಯನ್ನು ಅನುಮತಿ ಪಡೆದು ಹೊಡೆಯಲು ಕಾಯ್ದೆಯ 11ನೇ ಕಲಮು ದಾರಿ ಇಟ್ಟಿದೆ. ಕೊಡಗಿನಲ್ಲಿ ಕೋವಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಯಾರಿಗೆ ಕೋವಿ ಎಂಬ ಬಗ್ಗೆ ಕೋರ್ಟಿನವರೆಗೂ ವಾದ ನಡೆಯಿತು. ಯಾವ ತೋಟೆ, ಎಷ್ಟು ದೂರ, ದೇಹದ ಯಾವ ಜಾಗ ಎಂಬ ಬಗ್ಗೆ ಒಂದು ಮಾತೂ ನನ್ನ ಕಿವಿಗೆ ಬಿದ್ದಿಲ್ಲ. ಬೆಳೆ ರಕ್ಷಣೆಯ ಕೋವಿ ಕೊಡುವ ಮುನ್ನ ರೈತನಿಗೆ ಹಂದಿಯ ಒಂದು ಚಿತ್ರ ತೋರಿಸಿ ಎಂದರೆ, "ಅದೆಲ್ಲ ಅಮೆರಿಕದಲ್ಲಿ" ಎನ್ನುತ್ತಾರೆ ನನ್ನ ಭಾವ. ಹಂದಿಯ ಹೃದಯ ತೀರ್ಥಹಳ್ಳಿಯಲ್ಲಿ ಬೇರೆ ಕಡೆ ಇರುತ್ತದೆಯೇ?

ಹಾಗೆಂದು ಇಲ್ಲಿಯೂ ನಾನು ಗೆದ್ದಿಲ್ಲ. ಆನ್ಸನ್ ಕೌಂಟಿಯ ಸ್ನೇಹಿತನಿಗೆ ಕ್ರಿಸ್‌ಮಸ್ಸಿಗೆ ತಾಮ್ರದ ಗುಂಡಿನ ಒಂದು ಡಬ್ಬಿ ಕೊಟ್ಟೆ. ನಕ್ಕು ತೆಗೆದುಕೊಂಡ. ಹೋದ ವಾರ ಅವನ ಗ್ಯಾರೇಜಿಗೆ ಹೋದಾಗ ಕಪಾಟಿನ ಮೇಲಿತ್ತು, ಸೀಲು ಒಡೆದಿರಲಿಲ್ಲ. ಅವನು ಈಗಲೂ ಪ್ರತಿ ವರ್ಷ ಎರಡು ಜಿಂಕೆಯ ಮಾಂಸವನ್ನು ದಾನ ಮಾಡುತ್ತಾನೆ. ನವೆಂಬರಿಗೆ ಇನ್ನು ಐದು ವಾರ ಇದೆ.