ಹಲಗೆಗೂ ಜಾಗ ಬೇಕು

ಮೊಣಕಾಲು ನೋವಿನಿಂದ ನಮ್ಮ ಮನೆಯಾಕೆ ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಳು. ಅದಕ್ಕೆ ಡೋಣಿಯ ಮನೆಯಲ್ಲಿ, ಅಡುಗೆಮನೆಯ ನಡುವೆ ನಿಂತು ಬಡಿಯುವಂಥ ಸಾಗವಾನಿ ಕಟ್ಟೆ ಮಾಡಿಸಿದೆ. ಆಗ ಮಳೆಗಾಲ. “ಬಡಿಗ್ಯಾರ, ಅಳ್ಳಾಡಬಾರದು, ಸ್ಕ್ರೂ ಬಿಗಿ ಹೊಡೀರಿ” ಎಂದು ನಾನೇ ಹಟ ಹಿಡಿದೆ. ಬೇಸಿಗೆಗೆ ಹಲಗೆ ನಡುವೆ ಸೀಳಿತು!

“ಅಜ್ಜಾರ, ಕಟ್ಟಿಗಿ ಮಳಿಗಾಲಕ್ಕ ಅಗಲ ಹಿಗ್ಗತೈತಿ, ಬ್ಯಾಸಗಿಗೆ ಕುಗ್ಗತೈತಿ. ಉದ್ದ ಮಾತ್ರ ಹೆಚ್ಚೂಕಡಿಮಿ ಹಂಗ ಇರತೈತಿ” ಎಂದರು ಬಡಿಗೇರರು.

ಈ ಸಲ ಕೆಳಗಿನ ಚೌಕಟ್ಟಿನಲ್ಲಿ, ಹಲಗೆಯ ಅಗಲದ ಕಡೆಗೆ ಉದ್ದನೆಯ ತೂತು ಕೊರೆದು, ಸ್ಕ್ರೂ ಸರಿದಾಡಲು ಜಾಗ ಬಿಟ್ಟರು. ಹಲಗೆಯ ಮೇಲೂ ಕೆಳಗೂ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿದರು. ಗಾಳಿಗೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ.

ಈಗ ಮುಂಜಾನೆ ಮತ್ತೆ ರೊಟ್ಟಿ ಸಪ್ಪಳ. ಮಕ್ಕಳೇ, ನಿಮ್ಮ ಮನೆಯ ಮರದ ಮೇಜಿನ ಕೆಳಗೆ ಬಗ್ಗಿ ನೋಡಿ. ಉದ್ದನೆಯ ತೂತು ಇವೆಯೇ?