ನಪಾಸಾದವಳಿಗೂ ಸಂಘದ ಬಾಗಿಲು ತೆರೆದಿರಲಿ

ಪ್ರತಿವರ್ಷ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ತೇರ್ಗಡೆಯಾದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಬಹುಮಾನ ಕೊಡುತ್ತೇವೆ. ಅದು ಸರಿಯೇ. ಹೋಟೆಲಿನಲ್ಲಿ ಲೋಟ ತೊಳೆದವನ ಮಗ ಇಂಜಿನಿಯರನಾದರೆ ಯಾರ ಎದೆ ತುಂಬುವುದಿಲ್ಲ? ಆದರೆ ಈ ಸಲ ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ. ಹೋದ ವರ್ಷ ಇದೇ ವೇದಿಕೆಯ ಮೇಲೆ ವಿದ್ಯಾರ್ಥಿವೇತನ ಪಡೆದ ಹುಡುಗಿಯೊಬ್ಬಳು ಈ ಸಲ ಸಭೆಗೆ ಬಂದಿರಲಿಲ್ಲ. ನರ್ಸಿಂಗ್ ಡಿಪ್ಲೊಮಾದ ಮೊದಲನೆಯ ವರ್ಷದಲ್ಲಿ ಆಕೆ ನಪಾಸಾಗಿದ್ದಳು.

ಆಕೆಯ ತಂದೆ ನನ್ನೊಡನೆ ಒಂದೇ ಅಡಿಗೆಮನೆಯಲ್ಲಿ ದುಡಿದವರು. ಫಲಿತಾಂಶ ಬಂದ ಮೇಲೆ ಹುಡುಗಿ ಹದಿನೈದು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲವಂತೆ. ತಾಯಿ ಚಾಳಿನವರೊಡನೆ 'ಕಾಲೇಜಿಗೆ ರಜೆ' ಎಂದು ಸುಳ್ಳು ಹೇಳಿದರಂತೆ. ಮತ್ತೊಂದು ವರ್ಷದ ಶುಲ್ಕ ಎಲ್ಲಿಂದ ತರುವುದೆಂದು ತಂದೆ ನಮ್ಮ ಸಮಿತಿಗೆ ಬಂದು ಕೇಳಿಕೊಂಡರು. ನಾವೇನೆಂದೆವು? "ನಪಾಸಾದವರಿಗೆ ವೇತನ ಮುಂದುವರಿಸಲು ನಿಯಮದಲ್ಲಿ ಅವಕಾಶವಿಲ್ಲ" ಎಂದೆವು. ಹಾಗೆಂದ ಸಮಿತಿಯಲ್ಲಿ ನಾನೂ ಕುಳಿತಿದ್ದೆ. ಆ ಮಾತು ತಪ್ಪೆಂದು ಈಗ ಬರೆಯುತ್ತಿದ್ದೇನೆ.

ಆಕೆ ದಡ್ಡಿಯೇ? ಅಲ್ಲ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಒಮ್ಮೆಲೇ ಇಂಗ್ಲಿಷ್ ಪುಸ್ತಕಗಳ ನಡುವೆ ಬಿದ್ದಳು. ದೇಹರಚನೆ, ದೇಹಕ್ರಿಯೆ, ರೋಗಾಣುಶಾಸ್ತ್ರ, ಎಲ್ಲವೂ ಹೊಸ ಶಬ್ದಗಳು. ಬೆಳಿಗ್ಗೆ ವಾರ್ಡಿನ ಕೆಲಸ, ಮಧ್ಯಾಹ್ನ ಪಾಠ, ರಾತ್ರಿ ಓದು. ಶಾಲೆಯಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು. ಇಲ್ಲಿ ಐವತ್ತು ಬೇಕು, ಅದೂ ಬರವಣಿಗೆಯಲ್ಲಿ ಬೇರೆ, ಪ್ರಾಯೋಗಿಕದಲ್ಲಿ ಬೇರೆ.

ಈ ಬಿಗಿ ಅನ್ಯಾಯವೆಂದು ನಾನು ಹೇಳುವುದಿಲ್ಲ. ವೈದ್ಯರು 250 ಮಿಲಿಗ್ರಾಂ ಮದ್ದು ಕೊಡಲು ಬರೆದಿದ್ದಾರೆ, ಸೀಸೆಯಲ್ಲಿ 5 ಮಿಲಿಲೀಟರಿಗೆ 500 ಮಿಲಿಗ್ರಾಂ ಇದೆ ಎನ್ನೋಣ. ಸೂಜಿಗೆ ಎಷ್ಟು ಎಳೆಯಬೇಕು? ಎರಡೂವರೆ ಮಿಲಿಲೀಟರು. ದಶಾಂಶದ ಚುಕ್ಕೆ ಒಂದು ಸ್ಥಾನ ಜಾರಿದರೆ ಹತ್ತು ಪಟ್ಟು ಮದ್ದು ರೋಗಿಯ ಮೈಗೆ ಹೋದೀತು. ಅರ್ಧಂಬರ್ಧ ಕಲಿತು ಪಾಸಾದ ನರ್ಸಿಗಿಂತ, ಒಂದು ವರ್ಷ ತಡವಾಗಿ ಪೂರ್ತಿ ಕಲಿತ ನರ್ಸು ಸಾವಿರ ಪಾಲು ಮೇಲು. ಮಲಗಿರುವ ರೋಗಿ 'ನೀನು ಎಷ್ಟು ವರ್ಷದಲ್ಲಿ ಪಾಸಾದೆ?' ಎಂದು ಕೇಳುವುದಿಲ್ಲ. ಅವನಿಗೆ ಬೇಕಾದುದು ತಪ್ಪದ ಕೈ.

ಬಂಧುಗಳೇ, ಇದು ನಮಗೆ ತಿಳಿಯದ ಮಾತಲ್ಲ. ಕಾವಲಿಯ ಮುಂದೆ ನಿಂತ ಮೊದಲ ದಿನ ಯಾವ ಹುಡುಗನ ದೋಸೆ ಹರಿಯಲಿಲ್ಲ? ಹರಿಯಿತೆಂದು ಅವನನ್ನು ಊರಿಗೆ ಅಟ್ಟಿದೆವೇ? ಗಿರಣಿಯ ಅಣ್ಣಂದಿರು ಮಗ್ಗದಲ್ಲಿ ನೂಲು ಕಡಿದಾಗ ಗಂಟು ಹಾಕಿ ಮುಂದೆ ನೇಯ್ದರಲ್ಲದೆ ಬಟ್ಟೆಯನ್ನೇ ಎಸೆಯಲಿಲ್ಲ. 1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಎಷ್ಟು ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ! ನಲವತ್ತರ ವಯಸ್ಸಿನಲ್ಲಿ ಹೊಸ ಕಸುಬು ಕಲಿತು ಮಕ್ಕಳನ್ನು ಸಾಕಿದ ಜನ ನಾವು. ಹತ್ತೊಂಬತ್ತರ ಹುಡುಗಿಗೆ ಒಂದು ವರ್ಷ ಹೋಯಿತೆಂದು ಬಾಳೇ ಹೋಯಿತೆಂಬಂತೆ ಅಳುವುದೇ?

ಅಳುವ ಹೊತ್ತಿಗೆ ಕೆಲಸ ಬಹಳವಿದೆ. ಮೊದಲು ಅಂಕಪಟ್ಟಿ ಹಿಡಿದು ಕೂರಬೇಕು. ಹೋದದ್ದು ಯಾವ ವಿಷಯ, ಬರವಣಿಗೆಯೋ ಪ್ರಾಯೋಗಿಕವೋ, ಎಷ್ಟು ಅಂಕಕ್ಕೆ? ಅಂಕಗಳ ಮರುಎಣಿಕೆಗೆ ಅರ್ಜಿ ಹಾಕಲು ಕಡೆಯ ದಿನ ಯಾವುದು? ಪೂರಕ ಪರೀಕ್ಷೆ ಉಂಟೇ? ವರ್ಷ ಮತ್ತೆ ಓದಬೇಕಾದರೆ ಶುಲ್ಕ ಪೂರ್ತಿಯೋ, ಭಾಗಶಃವೋ? ಇವನ್ನೆಲ್ಲ ಕಾಲೇಜಿನ ಕಚೇರಿಯಲ್ಲಿ ಬಾಯಿಮಾತಿಗೆ ಬಿಡದೆ ಬರೆದು ಕೇಳಿ, ಬರೆದ ಉತ್ತರ ಪಡೆಯಬೇಕು. ಆಮೇಲೆ ಓದುವ ರೀತಿ ಬದಲಾಗಬೇಕು. ಸೋತ ರೀತಿಯಲ್ಲೇ ಮತ್ತೆ ಓದಿದರೆ ಮತ್ತೆ ಸೋಲೇ. ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದಗಳನ್ನು ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಳ್ಳಲಿ. ಪಾಸಾದ ಹಿರಿಯ ವಿದ್ಯಾರ್ಥಿನಿಯ ಹತ್ತಿರ ವಾರಕ್ಕೊಮ್ಮೆ ಕೂತು ಕೇಳಲಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. 'ನಿನಗಾಗಿ ಸಾಲ ಮಾಡಿದೆವು' ಎಂದು ಊಟದ ಹೊತ್ತಿನಲ್ಲಿ ಆಡಬೇಡಿ. ಸಾಲದ ವಿಷಯ ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು. ಮಗು ಊಟ ನಿದ್ದೆ ಬಿಟ್ಟು, ಮಾತು ಬಿಟ್ಟು, 'ನಾನಿದ್ದು ಏನು ಪ್ರಯೋಜನ' ಎಂಬ ಧಾಟಿಯಲ್ಲಿ ನುಡಿದರೆ ಅದನ್ನು ಹಟವೆಂದು ತಳ್ಳಿಹಾಕದೆ, ಒಬ್ಬಳನ್ನೇ ಬಿಡದೆ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿ ಇದೆ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಮಾತು ಕೇಳುವವರಿದ್ದಾರೆ. ವರ್ಷ ಮತ್ತೆ ಬರುತ್ತದೆ, ಮಗಳು ಮತ್ತೆ ಬರುವುದಿಲ್ಲ.

ಇನ್ನು ಸಂಘದ ಮಾತು. ಗೆದ್ದವರಿಗೆ ಶಾಲು ಹೊದಿಸಲು ಸಂಘವೇ ಬೇಕೆಂದಿಲ್ಲ, ಊರೆಲ್ಲ ಹೊದಿಸುತ್ತದೆ. ಬಿದ್ದವರ ಕೈ ಹಿಡಿಯಲೆಂದೇ ನಮ್ಮ ಹಿರಿಯರು ಪಗಾರದಲ್ಲಿ ಉಳಿಸಿದ ನಾಣ್ಯಗಳಿಂದ ಇಂಥ ಸಂಘಗಳನ್ನು ಕಟ್ಟಿದರು. ದಿನವಿಡೀ ದುಡಿದು ದಣಿದವರಿಗಾಗಿ ಈ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ್ದೂ ಅದಕ್ಕೇ. ಆ ಬೆಂಚುಗಳ ಮೇಲೆ ತೂಕಡಿಸಿ, ನಪಾಸಾಗಿ, ಮತ್ತೆ ಕೂತು ಪಾಸಾದವರು ಇಂದು ನಮ್ಮ ಸಮಿತಿಯಲ್ಲೇ ಇದ್ದಾರೆ. ಅವರೇ ಈ ನಿಯಮ ಓದಿ ಹೇಳಿದರೆ ಹೇಗೆ?

ಆದುದರಿಂದ ಮುಂದಿನ ಮಹಾಸಭೆಯಲ್ಲಿ ನಾನೊಂದು ಠರಾವು ಮಂಡಿಸುವವನಿದ್ದೇನೆ. ಮೊದಲ ಸಲ ನಪಾಸಾದ ವಿದ್ಯಾರ್ಥಿಯ ವೇತನವನ್ನು ಇನ್ನೊಂದು ವರ್ಷ ನಿಲ್ಲಿಸಕೂಡದು. ಭಾನುವಾರಗಳಲ್ಲಿ ಸಂಘದ ಕೋಣೆಯಲ್ಲಿ ಇಂಗ್ಲಿಷ್ ಪಾಠ ನಡೆಯಬೇಕು, ನಮ್ಮವರೇ ಆದ ನರ್ಸುಗಳನ್ನು ಪಾಠಕ್ಕೆ ಕರೆಯಬೇಕು. ಹಣವೆಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ: ಈ ವರ್ಷ ಶಾಲುಗಳನ್ನು ಬಿಡೋಣ.

ಆ ಹುಡುಗಿ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ತಂದೆ ಎರಡನೆಯ ಪಾಳಿಯಲ್ಲೂ ದುಡಿಯುತ್ತಿದ್ದಾರೆ. ಠರಾವಿಗೆ ಕೈ ಎತ್ತುವ ಮೊದಲು ಆ ಪಾಳಿಯನ್ನು ನೆನೆಯಿರಿ ಎಂದಷ್ಟೇ ನನ್ನ ಬಿನ್ನಹ.